ಓದುಗರ ಪ್ರಶ್ನೆ: ಸಾವಿರಾರು ಸಿಎಸ್‌ವಿ ಫೈಲ್, ಒಂದೇ ಟೇಬಲ್

ಪ್ರಶ್ನೆ: 3,000 ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಮಾಹಿತಿಯ) ಫೈಲ್‌ಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದು ಟೇಬಲ್‌ಗೆ ತುಂಬಬೇಕು. ಪೈಥಾನ್‌ನಲ್ಲಿ ಸಾಲು ಸಾಲಾಗಿ ಇನ್ಸರ್ಟ್ ಮಾಡಿದರೆ ರಾತ್ರಿಯೆಲ್ಲ ಓಡಿ ನಡುವೆ ನಿಲ್ಲುತ್ತದೆ. ಮತ್ತೆ ಓಡಿಸಿದರೆ ಸಾಲುಗಳು ಎರಡೆರಡು ಆಗುತ್ತವೆ. ದೊಡ್ಡ ಸರ್ವರ್ ತೆಗೆದುಕೊಳ್ಳಲೇ?

ಉತ್ತರ: ಬೇಡ. ಈ ಪ್ರಶ್ನೆ ಕೇಳುವವರಿಗೆಲ್ಲ ಯಾರೋ ಆಗಲೇ ‘ರ‍್ಯಾಮ್ ಹೆಚ್ಚಿಸಿ’ ಎಂದು ತಲೆ ಕೆಡಿಸಿರುತ್ತಾರೆ. ಹೊತ್ತು ತಿನ್ನುವುದು ಸಾಲಿಗೊಂದು ಕಮಿಟ್ (ಬದಲಾವಣೆಯನ್ನು ಕಾಯಂ ಮಾಡುವುದು); ಪ್ರತಿ ಸಲವೂ ಲಾಗ್, ಅಂದರೆ ಬದಲಾವಣೆಗಳ ದಾಖಲೆ, ಡಿಸ್ಕ್ ಸೇರುವ ತನಕ ಕಾಯಬೇಕು. ಫೈಲನ್ನು ಒಟ್ಟಿಗೇ ತುಂಬುವ ಕಾಪಿ (COPY) ಕಮಾಂಡ್ ಬಳಸಿ. ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದ್ದರೆ ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಧನ ಪಿಎಸ್‌ಕ್ಯೂಎಲ್‌ನ (psql) ಬ್ಯಾಕ್‌ಸ್ಲ್ಯಾಶ್ ಕಾಪಿ (\copy). ಬರೀ ಕಾಪಿ ಸರ್ವರ್‌ನ ಡಿಸ್ಕ್‌ನಲ್ಲಿ ಹುಡುಕುತ್ತದೆ.

ಅಸಲಿ ಟೇಬಲ್‌ಗೆ ನೇರವಾಗಿ ಸುರಿಯಬೇಡಿ. ದಿನಾಂಕದ ಜಾಗದಲ್ಲಿ ಒಂದೇ ಒಂದು ‘ಎನ್‌ಎ’ ಇದ್ದರೂ ಆ ಇಡೀ ಕಾಪಿ ರದ್ದು. ರದ್ದಾದ ಸಾಲುಗಳು ವ್ಯಾಕ್ಯೂಮ್ (ಸತ್ತ ಸಾಲುಗಳ ಸ್ವಚ್ಛತೆ) ಆಗುವವರೆಗೆ ಜಾಗ ಹಿಡಿದೇ ಕೂತಿರುತ್ತವೆ. ಪೋಸ್ಟ್‌ಗ್ರೆಸ್ 17ನೇ ಆವೃತ್ತಿಯ ‘ಆನ್ ಎರರ್ ಇಗ್ನೋರ್’ ಎಂಬ ಆಯ್ಕೆ, ಟೈಪ್ (ದಿನಾಂಕ, ಸಂಖ್ಯೆಯಂಥ ಮಾಹಿತಿ ಬಗೆ) ತಪ್ಪಿದ ಸಾಲನ್ನಷ್ಟೇ ಬಿಡುತ್ತದೆ; ಕಾಲಂ ಹೆಚ್ಚುಕಮ್ಮಿಯಾದರೆ ಆಗಲೂ ನಿಲ್ಲುತ್ತದೆ. ಸಾಲು ನುಂಗುವ ಲೋಡ್ ನನಗಂತೂ ಹಿಡಿಸುವುದಿಲ್ಲ.

ಎಲ್ಲ ಕಾಲಂ ಟೆಕ್ಸ್ಟ್ ಆಗಿರುವ, ಇಂಡೆಕ್ಸ್ (ಹುಡುಕಲು ನೆರವಾಗುವ ಸೂಚಿ) ಇಲ್ಲದ, ಅನ್‌ಲಾಗ್ಡ್ (ಲಾಗ್‌ಗೆ ಬರೆಯದ) ಸ್ಟೇಜಿಂಗ್ ಟೇಬಲ್, ಅಂದರೆ ಡೇಟಾ ಮೊದಲು ಇಳಿಯುವ ತಾತ್ಕಾಲಿಕ ಟೇಬಲ್, ಮಾಡಿ. ಫೈಲ್ ಹೆಸರಿಗೂ ಅದರಲ್ಲೊಂದು ಕಾಲಂ ಇರಲಿ. ಜೊತೆಗೆ ಮುಗಿದ ಫೈಲ್‌ಗಳ ಟೇಬಲ್ ಒಂದು, ಅಲ್ಲಿ ಹೆಸರೇ ಪ್ರೈಮರಿ ಕೀ (ಎರಡು ಸಲ ಬರಲಾಗದ ಗುರುತು). ಫೈಲಿಗೊಂದು ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು): ಮೊದಲು ಮುಗಿದವುಗಳ ಪಟ್ಟಿಗೆ ಹೆಸರು ಸೇರಿಸಿ (ಎರಡನೇ ಸಲ ಬಂದ ಫೈಲ್ ಇಲ್ಲೇ ಸಿಕ್ಕಿಬೀಳುತ್ತದೆ), ಸ್ಟೇಜಿಂಗ್‌ನ ಹೆಸರಿನ ಕಾಲಂಗೆ ಅದನ್ನೇ ಡಿಫಾಲ್ಟ್ (ತಾನಾಗಿ ತುಂಬುವ ಮೌಲ್ಯ) ಮಾಡಿ, ಉಳಿದ ಕಾಲಂಗಳನ್ನು ನಮೂದಿಸಿ ಕಾಪಿ, ಕಮಿಟ್. 15ನೇ ಆವೃತ್ತಿಯಿಂದೀಚೆಗೆ ಕಾಲಂ ಹೆಸರುಗಳು ಹೊಂದುತ್ತವೆಯೇ ಎಂದು ನೋಡುವ ಹೆಡರ್ ಮ್ಯಾಚ್ ಇದೆ, ತಪ್ಪದೆ ಹಾಕಿ. ಅದನ್ನು ಹಾಕದಿದ್ದರೆ, ಎಲ್ಲವೂ ಟೆಕ್ಸ್ಟ್ ಆದ್ದರಿಂದ ಕಾಲಂ ಅದಲುಬದಲಾದ ಫೈಲ್ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಒಂದು ಎಚ್ಚರ: ಸರ್ವರ್ ಕ್ರ್ಯಾಶ್ ಆದರೆ ಅನ್‌ಲಾಗ್ಡ್ ಟೇಬಲ್ ಖಾಲಿಯಾಗುತ್ತದೆ. ಆದ್ದರಿಂದ ಮುಗಿದವುಗಳ ಟೇಬಲ್ ಕೂಡ ಅನ್‌ಲಾಗ್ಡ್ ಆಗಿರಲಿ. ಇಲ್ಲವಾದರೆ ಡೇಟಾ ಇಲ್ಲದೆಯೂ ‘ಮುಗಿದಿದೆ’ ಎನ್ನುತ್ತಿರುತ್ತದೆ.

ಆಮೇಲೆ ಕೆಟ್ಟ ಸಾಲುಗಳನ್ನು ಬೇರ್ಪಡಿಸಿ. 16ನೇ ಆವೃತ್ತಿಯಿಂದ ‘ಪಿಜಿ ಇನ್‌ಪುಟ್ ಈಸ್ ವ್ಯಾಲಿಡ್’ (pg_input_is_valid) ಫಂಕ್ಷನ್ ಇದಕ್ಕೇ ಇದೆ. ಉಳಿದದ್ದನ್ನು ಟೈಪ್ ಬದಲಿಸಿ ಅಸಲಿ ಟೇಬಲ್‌ಗೆ ಒಂದೇ ಸಲಕ್ಕೆ ಇನ್ಸರ್ಟ್ ಸೆಲೆಕ್ಟ್ ಮಾಡಿ. ಅಸಲಿ ಟೇಬಲ್ ಖಾಲಿಯಿದ್ದರೆ ಇಂಡೆಕ್ಸ್ ಕೊನೆಗೆ, ನಂತರ ಅನಲೈಸ್ (ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ ಕಮಾಂಡ್).

ಪ್ರಶ್ನೆ: ವೇಗಕ್ಕಾಗಿ ಎಫ್‌ಸಿಂಕ್ (ಬರೆದದ್ದು ನಿಜಕ್ಕೂ ಡಿಸ್ಕ್ ಸೇರುವಂತೆ ನೋಡಿಕೊಳ್ಳುವ ಸೆಟ್ಟಿಂಗ್) ಆಫ್ ಮಾಡಿ ಎಂದು ವಿಡಿಯೊದಲ್ಲಿ ನೋಡಿದೆ.

ಉತ್ತರ: ಕರೆಂಟ್ ಹೋದರೆ ಈ ಟೇಬಲ್ ಅಲ್ಲ, ಇಡೀ ಕ್ಲಸ್ಟರ್ (ಆ ಸರ್ವರ್‌ನ ಎಲ್ಲ ಡೇಟಾಬೇಸ್) ಕೆಡಬಹುದು. ಆ ವಿಡಿಯೊದವರು ರಿಸ್ಟೋರ್ ಮಾಡಿಕೊಡಲು ಬರುವುದಿಲ್ಲ.

ಪ್ರಶ್ನೆ: ಕ್ಯಾಟ್ ಕಮಾಂಡ್‌ನಿಂದ ಎಲ್ಲ ಫೈಲ್ ಒಂದು ಮಾಡಿದರೆ?

ಉತ್ತರ: ಹೆಡರ್‌ಗಳೂ ಡೇಟಾ ಆಗುತ್ತವೆ. ಬೇಡ.

ಪ್ರಶ್ನೆ: ಎಕ್ಸೆಲ್‌ನಲ್ಲಿ ಸೇವ್ ಮಾಡಿದ ಮೇಲೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆ!

ಉತ್ತರ: ಹೋದದ್ದು ಹೋಯಿತು, ಮೂಲ ಫೈಲ್ ತರಿಸಿಕೊಳ್ಳಿ. ಖಾತೆ ಸಂಖ್ಯೆಗಳ ಮುಂದಿನ ಸೊನ್ನೆಗಳೂ ಹಾರಿಹೋಗಿರುತ್ತವೆ, ನೋಡಿ.