ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಪುಸ್ತಕ ತಲುಪಿತು, ಪಾಠ ತಲುಪಿತೇ?

ಪ್ರಶ್ನೆ: ವಿದೇಶಿ ನೆರವಿನಿಂದ ಕೀನ್ಯಾದ ಶಾಲೆಗಳಿಗೆ ಪಠ್ಯಪುಸ್ತಕ ಕೊಟ್ಟರೂ ಅಂಕ ಏರಲಿಲ್ಲವಂತೆ. ಹಾಗಾದರೆ ಪುಸ್ತಕ ಕೊಡುವುದೇ ದಂಡವೇ?
(ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಸರಾಸರಿ ಅಂಕ ಏರಲಿಲ್ಲ ಎಂಬುದು ನಿಜ, ಆದರೆ ಅದು ಅರ್ಧ ಮಾತು. ಪಶ್ಚಿಮ ಕೀನ್ಯಾದ ಬುಸಿಯಾ ಮತ್ತು ತೆಸೊ ಜಿಲ್ಲೆಗಳ 100 ಶಾಲೆಗಳಲ್ಲಿ 25ಕ್ಕೆ ಮಾತ್ರ ಡಚ್ ಸಂಸ್ಥೆಯೊಂದು 1996ರಲ್ಲಿ ಪಠ್ಯಪುಸ್ತಕ ಕೊಟ್ಟಿತು. ಉಳಿದವಕ್ಕೆ ನೆರವು ಮುಂದಿನ ವರ್ಷಗಳಲ್ಲಿ ಸರದಿಯಂತೆ ಬಂತು. ಹಾಗಾಗಿ ಹೋಲಿಸಿ ನೋಡಲು ಸಾಧ್ಯವಾಯಿತು. 2019ರ ಅರ್ಥಶಾಸ್ತ್ರ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಮಕ್ಕಳನ್ನು ಹಿಂದಿನ ಅಂಕದ ಪ್ರಕಾರ ವಿಂಗಡಿಸಿ ನೋಡಿದಾಗ, ಮುಂದಿದ್ದ ಮಕ್ಕಳಿಗೆ ಪುಸ್ತಕದಿಂದ ಲಾಭವಾಗಿತ್ತು. ಹಿಂದಿದ್ದವರಿಗೆ ಏನೂ ಆಗಿರಲಿಲ್ಲ. ಕಾರಣ, ಪುಸ್ತಕ ಇಂಗ್ಲಿಷಿನಲ್ಲಿತ್ತು. ಮನೆಮಾತು, ಸ್ವಾಹಿಲಿ ಆದಮೇಲೆ ಬಹುತೇಕ ಮಕ್ಕಳಿಗೆ ಅದು ಮೂರನೆಯ ಭಾಷೆ. ಎಷ್ಟೋ ಮಕ್ಕಳಿಗೆ ಆ ಪುಟಗಳನ್ನು ಓದಲಿಕ್ಕೇ ಬರುತ್ತಿರಲಿಲ್ಲ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿ ಶಾಲೆಯಲ್ಲಿ ಇಂಗ್ಲಿಷ್ ಪುಸ್ತಕ ತೆರೆಯುವ ಮಗುವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ಹೊರನಾಡಿನ ನೆರವು ಇಲ್ಲಿಗೆ ಹೊಸತೂ ಅಲ್ಲ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಹಾಕಿದ ಅಚ್ಚುಕೂಟದಿಂದ ಕನ್ನಡದ ಜೊತೆ ತುಳು ಪುಸ್ತಕಗಳೂ ಹೊರಬಂದವು.)

ಇನ್ನೊಂದು ಎಚ್ಚರ. ಕೀನ್ಯಾದ ಅದೇ ಪ್ರದೇಶದಲ್ಲಿ ಗೋಡೆಗೆ ತೂಗುಹಾಕುವ ಪಾಠದ ಚಿತ್ರಪಟಗಳನ್ನೂ ಪರೀಕ್ಷಿಸಿದ್ದರು. ಪಟ ಇದ್ದ ಶಾಲೆ, ಇಲ್ಲದ ಶಾಲೆಗಳನ್ನು ಸುಮ್ಮನೆ ಹೋಲಿಸಿದಾಗ ಒಳ್ಳೇ ಲಾಭ ಕಂಡಿತು. 178 ಶಾಲೆಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ ಅರ್ಧಕ್ಕೆ ಮಾತ್ರ ಪಟ ಕೊಟ್ಟು ನೋಡಿದರೆ ಪರಿಣಾಮ ಸೊನ್ನೆ. ಪಟ ಕೊಳ್ಳುವ ಶಾಲೆಯಲ್ಲಿ ಮೊದಲೇ ಒಳ್ಳೆಯ ಮೇಷ್ಟ್ರು, ಅನುಕೂಲಸ್ಥ ಪೋಷಕರು ಇರುತ್ತಾರೆ. ಅವರ ಶ್ರಮದ ಫಲ ಪಟದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಪ್ರಶ್ನೆ: ನಮ್ಮ ಸಂಘ 12 ಶಾಲೆಗಳಿಗೆ ಪುಸ್ತಕ ಕೊಡಲಿದೆ. ದಾನಿಗಳು ‘ಫಲಿತಾಂಶ ತೋರಿಸಿ’ ಎನ್ನುತ್ತಿದ್ದಾರೆ. ಹೇಗೆ ಅಳೆಯುವುದು?
(ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ, ಕುಂದಾಪುರ)

ಉತ್ತರ: ಸರ್ಕಾರಿ, ಅನುದಾನಿತ ಶಾಲೆಗಳಿಗೆ ಪಠ್ಯಪುಸ್ತಕ ಹೇಗೂ ಉಚಿತವಾಗಿ ಬರುತ್ತದೆ. ನೀವು ಕಥೆ, ವಿಜ್ಞಾನದ ಪೂರಕ ಓದಿನ ಪುಸ್ತಕ ಕೊಡಿ. ಕೊಳ್ಳುವ ಮೊದಲು ಒಂದು ಪ್ರತಿ ಹಿಡಿದು ಶಾಲೆಗೆ ಹೋಗಿ. ನಡುಪುಟದಿಂದ 50 ಪದ ಗುರುತು ಮಾಡಿ, ಹಾಜರಿ ಪುಸ್ತಕದಲ್ಲಿ ಪ್ರತಿ ಮೂರನೆಯ ಹೆಸರಿನ ಮಗುವಿನಿಂದ ಗಟ್ಟಿಯಾಗಿ ಓದಿಸಿ. ಬಿಟ್ಟ, ತಪ್ಪಿದ ಪದಕ್ಕೆ ಒಂದೊಂದು ಗೀಟು ಹಾಕಿ. ಗೀಟು ಐದು ದಾಟಿದರೆ ಆ ಮಗುವಿಗೆ ಪುಸ್ತಕ ಭಾರ. ತರಗತಿಯ ಅರ್ಧದಷ್ಟು ಮಕ್ಕಳಿಗೆ ಹೀಗಾದರೆ ಆ ಪುಸ್ತಕ ಕೈಬಿಡಿ.

ಆಮೇಲೆ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರುವ ಶಾಲೆಗಳನ್ನು ಆರು ಜೋಡಿ ಮಾಡಿ, ಜೋಡಿಗೊಂದು ಚೀಟಿ ಎತ್ತಿ. ಚೀಟಿ ಬಂದ ಶಾಲೆಗೆ ಈ ವರ್ಷ, ಇನ್ನೊಂದಕ್ಕೆ ಮುಂದಿನ ವರ್ಷ. ಜೂನ್ ಕೊನೆಗೆ ಮತ್ತು ಫೆಬ್ರವರಿಯಲ್ಲಿ 12 ಕಡೆಯೂ ಅದೇ ಮಟ್ಟದ ಓದಿನ ಪರೀಕ್ಷೆ ನಡೆಯಲಿ. ಪರೀಕ್ಷೆಯ ಪುಟ ನೀವು ಕೊಟ್ಟ ಪುಸ್ತಕದ್ದಾಗಿರಬಾರದು, ಪರೀಕ್ಷಕರು ಆ ತರಗತಿಯ ಶಿಕ್ಷಕರಾಗಿರಬಾರದು. ಅಂದು ಗೈರಾದವರನ್ನು ಇನ್ನೊಂದು ದಿನ ಹೋಗಿ ಪರೀಕ್ಷಿಸಿ. ಹಿಂದುಳಿದ ಮಕ್ಕಳೇ ಹೆಚ್ಚಾಗಿ ತಪ್ಪಿಸಿಕೊಳ್ಳುವುದರಿಂದ, ಅವರನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಮನೆಯವರು ಪುಸ್ತಕಕ್ಕೆ ಎಷ್ಟು ಖರ್ಚು ಮಾಡಿದರೆಂದೂ ಕೇಳಿ ಬರೆದುಕೊಳ್ಳಿ. ಶಾಲೆಗೆ ಅನುದಾನ ಬರುವುದು ಮೊದಲೇ ಗೊತ್ತಾದರೆ ಪೋಷಕರು ತಮ್ಮ ಖರ್ಚು ಇಳಿಸುವುದು ಆಂಧ್ರಪ್ರದೇಶದಲ್ಲೂ ಜಾಂಬಿಯಾದಲ್ಲೂ ಕಂಡುಬಂದಿದೆ.

ದಾನಿಗಳಿಗೆ ಒಂದು ಮಾತು ಮುಂಚೆಯೇ ಹೇಳಿಬಿಡಿ: 12 ಶಾಲೆಯಲ್ಲಿ ಸಣ್ಣ ವ್ಯತ್ಯಾಸ ಸಿಕ್ಕದು. ಸಾವಿರ ಮಕ್ಕಳಿದ್ದರೂ ಅಷ್ಟೇ. ಒಂದೇ ಶಾಲೆಯ ಮಕ್ಕಳು ಒಂದೇ ಮೇಷ್ಟ್ರ ಕೈಯಲ್ಲಿ ಬೆಳೆಯುವುದರಿಂದ, ಲೆಕ್ಕಕ್ಕೆ ಮುಖ್ಯವಾಗುವುದು ಶಾಲೆಗಳ ಸಂಖ್ಯೆ.

ಪ್ರಶ್ನೆ: ಕೊಟ್ಟ ಪುಸ್ತಕಗಳು ಕಪಾಟಿನಲ್ಲೇ ಕೊಳೆಯುತ್ತವೆ. ಏನು ಮಾಡುವುದು?
(ನಿವೃತ್ತ ಶಿಕ್ಷಕಿ, ಉಡುಪಿ)

ಉತ್ತರ: ಸಿಯೆರಾ ಲಿಯೋನ್‌ನಲ್ಲೂ ಇದೇ ಆಯಿತು. ಸರ್ಕಾರ ಕಳಿಸಿದ ಪುಸ್ತಕಗಳಲ್ಲಿ ಬಹಳಷ್ಟನ್ನು ಶಾಲೆಗಳು ಮಕ್ಕಳಿಗೆ ಹಂಚದೆ ದಾಸ್ತಾನು ಮಾಡಿದವು. ಮುಂದೆ ಬರುತ್ತದೋ ಇಲ್ಲವೋ ಎಂಬ ಭಯಕ್ಕೆ ಕೂಡಿಟ್ಟವರನ್ನು ಬೈದು ಫಲವಿಲ್ಲ. ಮುಂದಿನ ಕಂತಿನ ತಿಂಗಳನ್ನು ಬರೆದು ಕೊಡಿ, ಹರಿದುಹೋದ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರಾಗಲಿ ಮಗುವಾಗಲಿ ದಂಡ ಕಟ್ಟಬೇಕಿಲ್ಲ ಎಂದು ಅದರಲ್ಲೇ ಸೇರಿಸಿ.

ಕರಾವಳಿಯ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ಟೇಪಲ್ ಪಿನ್ನು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ನಡುಹಾಳೆ ಕಳಚುತ್ತದೆ, ಬರೀ ಅಂಟಿನ ಬೈಂಡಿಂಗ್ ಬಿಚ್ಚಿಕೊಳ್ಳುತ್ತದೆ. ದಾರದ ಹೊಲಿಗೆಯೇ ಬೇಕು. ಕಪಾಟು ಪಡುಗೋಡೆಗೆ ತಾಗದೆ ಒಂದು ಗೇಣು ದೂರ ಇರಲಿ. ಜನವರಿಯಲ್ಲಿ ಹತ್ತು ಪ್ರತಿ ಎತ್ತಿ ನೋಡಿ. ಮೂಲೆ ಮೆತ್ತಗಾಗಿ, ಬೆನ್ನಿನಲ್ಲಿ ಗೆರೆ ಬಿದ್ದು, ಬೆರಳಿನ ಕೊಳೆ ಅಂಟಿದ್ದರೆ ಅದು ಓದಿದ ಪುಸ್ತಕ. ಬಿಡಿಸುವಾಗ ಪುಟಗಳು ಒಂದಕ್ಕೊಂದು ಅಂಟಿಕೊಂಡು ಚರಚರ ಎಂದರೆ ಅದನ್ನು ಯಾರೂ ತೆರೆದೇ ಇಲ್ಲ.

ಪ್ರಶ್ನೆ: ದುಬೈಯಲ್ಲಿರುವ ಊರಿನವರ ಹಣ ವಿದೇಶಿ ದೇಣಿಗೆಯೇ?
(ಓದುಗರು, ಮೂಲ್ಕಿ)

ಉತ್ತರ: ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಆಗ ಸಂಘಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ದಾಟಬಾರದು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಾಗಾಗಿ ಹಣ ಒಪ್ಪಿಕೊಳ್ಳುವ ಮೊದಲೇ ದಾನಿಯ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ, ಪ್ರತಿ ತೆಗೆದಿಟ್ಟುಕೊಳ್ಳಿ.