ಬರಹಗಾರರಿಗೆ ಸಲಹೆ: ಅರವತ್ತೆರಡು ಅರ್ಥ, ಒಂದು ಹೆಬ್ಬೆರಳು

ಡೊಂಬಿವಲಿಯ ಗೆಳೆಯರೇ,

ನಿಮ್ಮ ‘ಒಂದು ಪದ, ನೂರೆಂಟು ಅರ್ಥ’ ಲೇಖನ ಕೈಸೇರಿ ಮೂರು ವಾರವಾಯಿತು. ಪ್ರಕಟಿಸುತ್ತಿಲ್ಲ. ಸಾಮಾನ್ಯವಾಗಿ ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತೇನೆ. ಮುಂಬೈ ಮಾಟುಂಗಾದ ಈ ಪುಟ್ಟ ಕೋಣೆಯಲ್ಲಿ ಸಂಪಾದಕನೂ ನಾನೇ, ಕರಡು ತಿದ್ದುವವನೂ ನಾನೇ, ಲಕೋಟೆಗೆ ಅಂಟು ಹಚ್ಚುವವನೂ ನಾನೇ. ಆದರೆ ನಿಮ್ಮ ಹನ್ನೊಂದು ಪುಟಗಳಲ್ಲಿ ಒಂದು ವಾಕ್ಯ ನನ್ನನ್ನು ಹಿಡಿದುಕೊಂಡಿತು. ಈ ಉದ್ದದ ಉತ್ತರ ಅದರ ಸಲುವಾಗಿ. ಇಂಗ್ಲಿಷ್ ಪದವೊಂದರ ಅರ್ಥಗಳ ಪಟ್ಟಿ ವರ್ಷಕ್ಕೆ ನಾಲ್ಕು ಜನರಿಂದಾದರೂ ಬರುವುದರಿಂದ, ನಿಮ್ಮ ಹೆಸರು ಹಾಕದೆ ಅಂಕಣದಲ್ಲೇ ಅಚ್ಚು ಮಾಡಿಸುತ್ತಿದ್ದೇನೆ.

ಉಳಿದ ಓದುಗರಿಗೆ ಹೇಳಬೇಕಾದದ್ದು ಇಷ್ಟೇ: ಇವರು ಆರಿಸಿಕೊಂಡ ಪದ ‘ಸೆಟ್’. ಅದರ ಅರ್ಥಗಳಿಗೆ ಒಂದರಿಂದ ಅರವತ್ತೆರಡರವರೆಗೆ ಅಂಕಿ ಹಾಕಿ, ಪ್ರತಿಯೊಂದಕ್ಕೂ ಎರಡೆರಡು ಸಾಲಿನ ವಿವರಣೆ ಕೊಟ್ಟಿದ್ದಾರೆ.

ಮೊದಲು ಸುಲಭದ ತಪ್ಪು. ‘ಜಗತ್ತಿನಲ್ಲೇ ಅತಿ ಹೆಚ್ಚು ಅರ್ಥಗಳಿರುವ ಪದ’ ಎಂದು ಆರಂಭಿಸಿದ್ದೀರಿ. ಇದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಾ ಬಂದ ಹಳೆಯ ಸುದ್ದಿ. 1989ರಲ್ಲಿ ಇಪ್ಪತ್ತು ಸಂಪುಟಗಳಾಗಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳು, ಅವುಗಳ ವಿವರಣೆಗೇ ಸುಮಾರು 60,000 ಪದಗಳು ಇದ್ದದ್ದು ನಿಜ. ಆದರೆ 2000ದಲ್ಲಿ ಪರಿಷ್ಕರಣೆಯನ್ನು ‘ಎಂ’ ಅಕ್ಷರದಿಂದ ಶುರು ಮಾಡಿದರು. ‘ಮೇಕ್’ ಅದನ್ನು ಹಿಂದೆ ಹಾಕಿತು, ಆಮೇಲೆ ‘ಪುಟ್’ ಬಂತು, 2011ರ ಹೊತ್ತಿಗೆ ‘ರನ್’. ಆ ಒಂದೇ ಪದದ ಮೇಲೆ ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಒಂಬತ್ತು ತಿಂಗಳು ಕುಳಿತರು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು ಸಿಕ್ಕವು. ಗಡಿಯಾರದಿಂದ ಕಂಪ್ಯೂಟರ್‌ವರೆಗೆ ಎಲ್ಲವೂ ‘ರನ್’ ಆಗತೊಡಗಿದ ಮೇಲೆ ಪಾಪ, ‘ಸೆಟ್’ ತಾನೇ ಏನು ಮಾಡೀತು? ಅದರ ಸ್ವಭಾವವೇ ಕುಳಿತಲ್ಲಿ ಕೂರುವುದು.

ಕೂರುವುದು ಎಂಬ ಮಾತನ್ನು ಸುಮ್ಮನೆ ಹೇಳಲಿಲ್ಲ, ಆಮೇಲೆ ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಿಮ್ಮ ಕನ್ನಡದ ಬಗ್ಗೆ. ಊಟದ ಮೇಜನ್ನು ‘ಸ್ಥಾಪಿಸುವುದು’, ಮುರಿದ ಮೂಳೆಯನ್ನು ‘ಸ್ಥಾಪಿಸುವುದು’, ಬಲೆಯನ್ನು ‘ಸ್ಥಾಪಿಸುವುದು’ ಎಂದು ಬರೆದಿದ್ದೀರಿ. ಮೂಳೆಯೇನು ದೇವಸ್ಥಾನದ ಲಿಂಗವೇ? ನಾವು ಎಲೆ ಹಾಕುತ್ತೇವೆ, ಮೂಳೆ ಕೂಡಿಸುತ್ತೇವೆ, ಬಲೆ ಒಡ್ಡುತ್ತೇವೆ, ಅಲಾರಾಂ ಇಡುತ್ತೇವೆ, ಹಾಲಿಗೆ ಹೆಪ್ಪು ಹಾಕುತ್ತೇವೆ. ಇಂಗ್ಲಿಷಿನವರು ಒಂದೇ ಪದದಲ್ಲಿ ತೀರಿಸಿಕೊಂಡ ಕೆಲಸಕ್ಕೆ ಕನ್ನಡ ನಾಲ್ಕು ಆಳುಗಳನ್ನು ಇಟ್ಟಿದೆ. ನಿಮ್ಮ ಲೇಖನದ ನಿಜವಾದ ವಿಷಯ ಇದಾಗಬಹುದಿತ್ತು. ನೀವು ನಾಲ್ಕೂ ಜನರಿಗೆ ರಜೆ ಕೊಟ್ಟು ನಿಘಂಟಿನಿಂದ ಒಬ್ಬನೇ ಸಂಸ್ಕೃತ ಗುಮಾಸ್ತನನ್ನು ಕರೆದುಕೊಂಡು ಬಂದಿರಿ.

ಈಗ ಕೂರುವ ವಿಷಯ. ಹಳೆಯ ಇಂಗ್ಲಿಷಿನಲ್ಲಿ ‘ಸೆಟ್’ ಎಂದರೆ ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ, ಅಂದರೆ ನಮ್ಮ ‘ಕೂರಿಸು’. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ, ಭಾದ್ರಪದದಲ್ಲಿ ಗಣಪತಿಯನ್ನು ಕೂರಿಸುತ್ತೇವೆ. ಮೊದಲೆರಡಕ್ಕೆ ಇಂಗ್ಲಿಷಿನವರೂ ‘ಸೆಟ್’ ಎಂದೇ ಹೇಳುತ್ತಾರೆ. ಎರಡು ಸಂಬಂಧವಿಲ್ಲದ ಭಾಷೆಗಳು ಕುಳಿತುಕೊಳ್ಳುವ ಕ್ರಿಯೆಯಿಂದಲೇ ಹೊರಟು ಒಂದೇ ಅಂಗಡಿಗೆ ಬಂದು ಸೇರಿದ್ದನ್ನು ನೋಡಿ ನನಗೆ ಖುಷಿಯಾಯಿತು.

ಆದರೆ ಪಾತ್ರೆಗಳ ಸೆಟ್, ಸೆಟ್ ದೋಸೆಯ ಸೆಟ್ ಹುಟ್ಟಿನಿಂದ ಬೇರೆಯೇ ಪದ. ಅದು ಹಳೆಯ ಫ್ರೆಂಚ್ ದಾರಿಯಿಂದ ಬಂದದ್ದು, ಮೂಲ ಲ್ಯಾಟಿನ್ನಿನ ‘ಸೆಕ್ಟಾ’: ಒಬ್ಬರನ್ನು ಹಿಂಬಾಲಿಸುವ ಗುಂಪು, ಪಂಥ. ಒಂದೇ ರೂಪಕ್ಕೆ ಬಂದ ಎರಡು ಪದಗಳು ಕ್ರಮೇಣ ಒಂದರ ಮೇಲೊಂದು ನೆರಳು ಚೆಲ್ಲಿದವು. ನೀವು ಎರಡನ್ನೂ ಒಂದೇ ಸರಕಿನಂತೆ ಒಂದೇ ಚೀಲಕ್ಕೆ ತುಂಬಿದ್ದೀರಿ. ನಮ್ಮ ಗಣಿತ ಪುಸ್ತಕಗಳಲ್ಲಿ ‘ಸೆಟ್’ಗೆ ‘ಗಣ’ ಎಂದಿದೆ. ಗಣ ಎಂದರೆ ಬರೀ ಗುಂಪಲ್ಲ, ಶಿವಗಣದ ಹಾಗೆ ಬೆನ್ನಿಗೆ ನಿಂತ ಪರಿವಾರ. ಆ ಪದವನ್ನು ಆರಿಸಿದವರಿಗೆ ಲ್ಯಾಟಿನ್ ಗೊತ್ತಿತ್ತೋ ಇಲ್ಲವೋ, ಗುರಿ ಮಾತ್ರ ತಪ್ಪಿಲ್ಲ.

ಸೂರ್ಯಾಸ್ತಕ್ಕೆ ನೀವು ಒಂದೂವರೆ ಸಾಲು ಕೊಟ್ಟಿದ್ದೀರಿ. ಇಂಗ್ಲಿಷಿನ ಸೂರ್ಯ ಕುಳಿತುಕೊಳ್ಳುತ್ತಾನೆ, ನಮ್ಮವನು ಮುಳುಗುತ್ತಾನೆ. ದಾದರ್ ಚೌಪಾಟಿಯಲ್ಲಿ ಒಂದು ಸಂಜೆ ನಿಂತು ನೋಡಿ, ಯಾವ ಭಾಷೆ ಸರಿ ಎಂದು ಸಮುದ್ರವೇ ಹೇಳುತ್ತದೆ. ಮುಳುಗುವುದಕ್ಕೆ ನಮ್ಮಲ್ಲಿ ‘ಕಂತು’ ಎಂಬ ಇನ್ನೊಂದು ಕ್ರಿಯಾಪದವೂ ಇದೆ: ಹೊತ್ತು ಕಂತಿತು. ಅದೇ ರೂಪದ ನಾಮಪದ ತಿಂಗಳ ಐದನೇ ತಾರೀಕು ನಮ್ಮ ಮನೆ ಸಾಲಕ್ಕೆ ಬರುತ್ತದೆ. ಕಾವ್ಯದಲ್ಲಿ ಕಂತು ಎಂದರೆ ಮನ್ಮಥ. ಅರ್ಥಗಳ ಆಟ ನೋಡಲು ಆಕ್ಸ್‌ಫರ್ಡಿನವರೆಗೆ ಹೋಗಬೇಕಿರಲಿಲ್ಲ. ಇರಲಿ.

ನನಗೆ ಹೆಚ್ಚು ಬೇಸರ ತಂದದ್ದು ಪಟ್ಟಿಯಲ್ಲಿ ಇಲ್ಲದವು. ‘ಚಿತ್ರ ಸೆಟ್ಟೇರಿತು’ ಎಂಬುದನ್ನು ಪತ್ರಿಕೆಯ ಸಿನಿಮಾ ಪುಟದಲ್ಲಿ ವಾರಕ್ಕೆ ಎರಡು ಸಲ ಓದುತ್ತೀರಿ. ಹಸೆಮಣೆ ಏರಿದ ಹಾಗೆ, ಸಿಂಹಾಸನ ಏರಿದ ಹಾಗೆ ಸೆಟ್ ಏರುವುದು! ಗೋರೆಗಾಂವಿನ ಫಿಲ್ಮ್ ಸಿಟಿಯಲ್ಲಿ ಪ್ಲೈವುಡ್ಡಿಗೆ ಮೊಳೆ ಹೊಡೆಯುತ್ತಿರುವ ಬಡಗಿಗೆ ತಾನು ಕಟ್ಟುತ್ತಿರುವುದು ಏರುವ ಪೀಠ ಎಂದು ಹೇಳಿದರೆ ನಗುತ್ತಾನೆ. ಊರಿನ ಹೊಲದ ‘ಪಂಪ್‌ಸೆಟ್’ ಇಲ್ಲ. ಅಜ್ಜ ಲೋಟದಲ್ಲಿ ಅದ್ದಿಡುವ ಹಲ್ಲಿನ ಸೆಟ್ ಇಲ್ಲ. 2012ರ ನವೆಂಬರಿನಲ್ಲಿ ಮುಂಬೈಯ ಕೇಬಲ್ ಮನೆಗಳಿಗೆಲ್ಲ ಕಡ್ಡಾಯವಾಗಿ ಬಂದ ಸೆಟ್ ಟಾಪ್ ಬಾಕ್ಸ್ ಇಲ್ಲ. ಟಿವಿ ಹಾಳೆಯಷ್ಟು ತೆಳ್ಳಗಾಗಿ, ಆ ಡಬ್ಬಿಗೆ ಈಗ ಅದರ ನೆತ್ತಿಯ ಮೇಲೆ ಕೂರಲು ಜಾಗವೇ ಇಲ್ಲ, ಹೆಸರು ಮಾತ್ರ ಹಾಗೇ ಇದೆ. ‘ಅತ್ತೆ ಸೊಸೆಗೆ ಸೆಟ್ ಆಗುವುದಿಲ್ಲ’ ಎನ್ನುತ್ತೇವಲ್ಲ, ಅದೂ ಇಲ್ಲ. ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನವನಿಗೆ ಹೇಳಿದರೆ ಅವನಿಗೆ ಅರ್ಥವಾಗುವುದಿಲ್ಲ. ಅದು ನಾವು ಮಾಡಿಕೊಂಡ ಅರ್ಥ. ಇನ್ನು ‘ಸೆಟ್ಟಿಂಗ್’. ಕರ್ಜತ್ ಲೋಕಲ್‌ನಲ್ಲಿ ಕಿಟಕಿ ಪಕ್ಕದ ಸೀಟಿಗೆ ಮುಲುಂಡಿನಲ್ಲಿ ಇಳಿಯುವವನ ಜೊತೆ ಘಾಟ್ಕೋಪರಿನಲ್ಲೇ ಮಾಡಿಕೊಳ್ಳುವ ಒಪ್ಪಂದವೂ ಸೆಟ್ಟಿಂಗ್, ಕಚೇರಿಯಲ್ಲಿ ಕಡತ ಸರಿಯಲು ಮಾಡುವ ಏರ್ಪಾಡೂ ಸೆಟ್ಟಿಂಗ್. ದಿನವೂ ಆ ರೈಲಿನಲ್ಲಿ ಬರುವ ನೀವು ಇದನ್ನು ಬಿಟ್ಟು, ಇಪ್ಪತ್ತೊಂಬತ್ತನೆಯದಾಗಿ ನರಿಬೇಟೆಯ ನಾಯಿಗಳ ವಿಷಯ ಬರೆದಿದ್ದೀರಿ. ಡೊಂಬಿವಲಿಯಲ್ಲಿ ನರಿಬೇಟೆ!

ಈಗ ಆ ವಾಕ್ಯ. ಮೂವತ್ತೇಳನೆಯ ಅರ್ಥ, ‘ಒಣಗಿ ಗಟ್ಟಿಯಾಗುವುದು’. ಅದರ ಕೆಳಗೆ ಹೀಗೆ ಬರೆದಿದ್ದೀರಿ: ‘ನಮ್ಮ ಅಪ್ಪ ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಇನ್ನೂ ಸೆಟ್ ಆಗಿಲ್ಲ ಎನ್ನುತ್ತಿದ್ದರು.’ ಮರು ಸಾಲಿನಲ್ಲೇ ಮೂವತ್ತೆಂಟು, ‘ಜೆಟ್ ಸೆಟ್’ ಎಂಬ, ವಿಮಾನದಲ್ಲಿ ಓಡಾಡುವ ಶ್ರೀಮಂತರ ಗುಂಪು. ನಾನು ಪುಟ ತಿರುಗಿಸದೆ ಅಲ್ಲೇ ಕುಳಿತೆ.

ಯಾವ ಅಪ್ಪ? ಎಲ್ಲಿಯ ಸಿಮೆಂಟು? ನಿಮ್ಮ ಪತ್ರದ ಕೊನೆಯಲ್ಲಿ, ನೀವು ಕಲಬುರಗಿ ಕಡೆಯವರು, ತಂದೆ ಠಾಣೆಯಲ್ಲಿ ಗೌಂಡಿ ಕೆಲಸ ಮಾಡಿದವರು ಎಂದು ಹೇಳಿದ್ದೀರಿ. ಅಂದರೆ ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಕಾಯುತ್ತಾ ನಿಂತವರು. ಅದನ್ನು ಲೇಖನದ ಒಳಗೆ ತರಲು ಏಕೆ ಹಿಂಜರಿದಿರಿ? ಇನ್ನೂ ಒಂದು ಮಾತು: ನೀವು ಬರೆದ ಅರ್ಥವೇ ತಪ್ಪು, ನಿಮ್ಮ ತಂದೆಯವರನ್ನು ಕೇಳಿದ್ದರೆ ಅವರೇ ತಿದ್ದುತ್ತಿದ್ದರು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರಿನ ಜೊತೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ನೀರಿನ ಒಳಗೂ ಸೆಟ್ ಆಗುತ್ತದೆ. ಅದಕ್ಕೇ ಸ್ಲ್ಯಾಬ್ ಹಾಕಿದ ಮೇಲೆ ಗೋಣಿತಾಟು ಹೊದಿಸಿ, ಅಂಚಿಗೆ ಗಾರೆಯ ಕಟ್ಟೆ ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುವುದು. ನಮ್ಮ ದೇಶದ ಮಾನಕದ ಪ್ರಕಾರ ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕಿಂತ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು. ಪ್ರಯೋಗಶಾಲೆಯಲ್ಲಿ ಅದನ್ನು ಅಳೆಯಲು ಒಂದು ಸೂಜಿ ಇದೆ, ವಿಕಾಟ್ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿನದು. ಕಲಸಿದ ಸಿಮೆಂಟಿನೊಳಗೆ ಅದು ಎಷ್ಟು ಇಳಿಯುತ್ತದೆ ಎಂದು ನೋಡುತ್ತಾರೆ. ನಿಮ್ಮ ತಂದೆಯವರು ಅದನ್ನೇ ಹೆಬ್ಬೆರಳಿನಲ್ಲಿ ಮಾಡುತ್ತಿದ್ದರು.

ಆ ಬೆರಳು ನನಗೆ ಕಾಣಬೇಕು. ಉಗುರಿನ ಸಂದಿಯಲ್ಲಿ ಏನು ಮೆತ್ತಿಕೊಂಡಿತ್ತು, ಸುಣ್ಣ ಸಿಮೆಂಟು ತಿಂದ ಚರ್ಮ ಹೇಗಿತ್ತು, ಒತ್ತಿದ ಗುರುತನ್ನು ಆಮೇಲೆ ಕರಣೆಯಿಂದ ಸವರಿ ಮುಚ್ಚುತ್ತಿದ್ದರೋ, ಹಾಗೇ ಬಿಡುತ್ತಿದ್ದರೋ. ಠಾಣೆಯ ಯಾವುದೋ ಕಟ್ಟಡದ ಮೆಟ್ಟಿಲಿನ ಮೂಲೆಯಲ್ಲಿ ಆ ಗುರುತು ಇವತ್ತಿಗೂ ಇದ್ದರೂ ಇರಬಹುದು. ಮತ್ತೆ ಇನ್ನೊಂದು ಪ್ರಶ್ನೆ, ಬೇಡವೆನಿಸಿದರೆ ಬಿಡಿ: ಊರಿನಿಂದ ಫೋನ್ ಮಾಡಿದವರು ‘ಮಗ ಸೆಟ್ ಆದನೇ?’ ಎಂದು ಕೇಳಿದಾಗ ಅವರು ಏನು ಹೇಳುತ್ತಿದ್ದರು?

ಹೀಗೆ ಮಾಡಿ. ಅಂಕಿಗಳನ್ನೆಲ್ಲ ಅಳಿಸಿ. ಅರವತ್ತೆರಡರಲ್ಲಿ ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಮೂರೋ ನಾಲ್ಕೋ ಇದ್ದಾವು. ಅವನ್ನು ಇಟ್ಟುಕೊಂಡು ಉಳಿದವನ್ನು ನಿಘಂಟಿಗೆ ಮರಳಿಸಿ. ಶೀರ್ಷಿಕೆ ಬದಲಿಸಿ. ‘ಸ್ಥಾಪಿಸು’ ಎಲ್ಲೂ ಕಾಣಬಾರದು. ಪತ್ರದಲ್ಲಿ ‘ಬುತ್ತಿ’ ಎಂದು ಬರೆದವರು ಲೇಖನದಲ್ಲಿ ‘ಊಟದ ಡಬ್ಬ’ ಎಂದು ಏಕೆ ಬರೆದಿರಿ? ಬುತ್ತಿಯೇ ಇರಲಿ. ಐದು ಪುಟ ಮೀರಬೇಡಿ. ಹದಿನೈದನೇ ತಾರೀಕಿನೊಳಗೆ ತಲುಪಿದರೆ ದೀಪಾವಳಿ ಸಂಚಿಕೆಗೆ ನೋಡುತ್ತೇನೆ, ಮಾತು ಕೊಡುವುದಿಲ್ಲ.

ಕಳಿಸುವ ಮೊದಲು ಒಂದು ರವಿವಾರ, ಹೇಗೂ ರೈಲು ಹಳಿ ದುರಸ್ತಿಯ ಮೆಗಾ ಬ್ಲಾಕ್ ಇರುತ್ತದೆ, ಎಲ್ಲೂ ಹೋಗಬೇಡಿ. ತಂದೆಯವರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ ಹೇಳಿ. ಅವರು ಆಕಳಿಸಿದ ಕಡೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ‘ಹಾಗಲ್ಲ ಅದು’ ಎಂದು ಮಧ್ಯೆ ಬಾಯಿ ಹಾಕಿದರೆ ಓದುವುದನ್ನು ನಿಲ್ಲಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.

ಹಳೆಯ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಏಳನೇ ಪುಟದ ಮೇಲಿನ ಚಹಾ ಕಲೆ ನನ್ನದು, ಕ್ಷಮಿಸಿ.

ನಿಮ್ಮ,
ಸಂಪಾದಕ