ಲಾಕ್‌ಡೌನ್ ಆದ ಮೇಲೆ ಬೆಕ್ಕು ಹಾಸಿಗೆಯ ಮೇಲೆ ಮೂತ್ರ ಮಾಡುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟ್‌ನಲ್ಲಿದ್ದೇವೆ. 2021ರ ಮೇ ತಿಂಗಳ ಲಾಕ್‌ಡೌನ್ ಶುರುವಾದಾಗಿನಿಂದ ಎಲ್ಲರೂ ಮನೆಯಲ್ಲೇ. ಯಜಮಾನರ ಆಫೀಸ್ ಕೆಲಸಕ್ಕೆ ಒಂದು ಕೋಣೆ ಬೇಕಾದ್ದರಿಂದ ಅಲ್ಲಿದ್ದ ಬೆಕ್ಕಿನ ಮರಳಿನ ಟ್ರೇಯನ್ನು ಯುಟಿಲಿಟಿಯಲ್ಲಿ ವಾಷಿಂಗ್ ಮಷೀನ್ ಪಕ್ಕಕ್ಕೆ ಇಟ್ಟೆವು. ನಾಲ್ಕು ವರ್ಷದ ಗಂಡು ಬೆಕ್ಕು ಈಗ ಹಗಲೆಲ್ಲ ಸಜ್ಜಾ ಮೇಲೆ ಅಡಗಿರುತ್ತದೆ, ಹಾಸಿಗೆಯ ಮೇಲೆ ಮೂತ್ರ ಮಾಡುತ್ತದೆ. ಅದರ ಆಹಾರದ ಪೊಟ್ಟಣ ಸಿಗದೆ ಮೊಸರನ್ನ ಹಾಕುತ್ತಿದ್ದೇವೆ. ಹಟಕ್ಕೆ ಹೀಗೆ ಮಾಡುತ್ತಿದೆ, ಅದರಿಂದ ಕೊರೊನಾ ಬೇರೆ ಬರುತ್ತದೆ, ಎಲ್ಲಾದರೂ ಬಿಟ್ಟು ಬನ್ನಿ ಎನ್ನುತ್ತಾರೆ ಅತ್ತೆ.

ಪಶುವೈದ್ಯರ ಉತ್ತರ: ಮೊದಲು ಒಂದನ್ನು ಇವತ್ತೇ ನೋಡಿ. ನಿಮ್ಮದು ಗಂಡು ಬೆಕ್ಕು; ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು, ಮನೆಯ ವಾತಾವರಣ ಬದಲಾದ ಒತ್ತಡದಿಂದಲೇ ಮೂತ್ರಕೋಶ ಉರಿಯೂತಗೊಂಡು ನಾಳ ಕಟ್ಟಿಕೊಳ್ಳುವುದುಂಟು. ಟ್ರೇಯ ಮರಳಿನಲ್ಲಿ ಮೂತ್ರದಿಂದಾದ ಉಂಡೆ ಎಂದಿನಷ್ಟೇ ದೊಡ್ಡದಿದೆಯೇ, ಅಥವಾ ಕಡಲೆಕಾಳಿನಷ್ಟು ಚಿಕ್ಕ ಚಿಕ್ಕ ಉಂಡೆಗಳಿವೆಯೇ ಎಂದು ಕೆದಕಿ ನೋಡಿ. ಬೆಕ್ಕು ಮತ್ತೆ ಮತ್ತೆ ಕುಕ್ಕರಗಾಲಿನಲ್ಲಿ ಕೂತು ತಿಣುಕುತ್ತಿದ್ದರೆ, ಆಗ ಕೂಗುತ್ತಿದ್ದರೆ, ಮೂತ್ರದಲ್ಲಿ ರಕ್ತವಿದ್ದರೆ ಅಥವಾ ಹನಿಯೂ ಬರದಿದ್ದರೆ ನಾಳೆಯವರೆಗೆ ಕಾಯಬೇಡಿ. ನಾಳ ಪೂರ್ತಿ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲೇ ಸಾಯಬಹುದು. 2021ರ ಲಾಕ್‌ಡೌನ್‌ನಲ್ಲೂ ಪಶುಚಿಕಿತ್ಸೆ ಅಗತ್ಯ ಸೇವೆಗಳಲ್ಲಿತ್ತು. ಆಸ್ಪತ್ರೆಗೆ ಫೋನ್ ಮಾಡಿ, ಬೆಕ್ಕಿನ ಹಳೆಯ ಔಷಧ ಚೀಟಿಯನ್ನು ಕೈಯಲ್ಲಿಟ್ಟುಕೊಂಡು ಹೊರಡಿ.

ಈ ಲಕ್ಷಣಗಳಿಲ್ಲದೆ ಧಾರಾಳವಾಗಿ, ಆದರೆ ಬೇಡದ ಜಾಗದಲ್ಲಿ ಮೂತ್ರ ಮಾಡುತ್ತಿದ್ದರೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಇದು ಹಟವಲ್ಲವೆಂದು ಅತ್ತೆಯವರಿಗೆ ದಯವಿಟ್ಟು ತಿಳಿಸಿ ಹೇಳಿ. ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಮಲಗುವ ಪ್ರಾಣಿ. ಬೆಳಗಿನಿಂದ ಸಂಜೆಯವರೆಗೆ ಮನೆ ಖಾಲಿಯಿದ್ದಾಗ ಅದಕ್ಕೆ ಸಿಗುತ್ತಿದ್ದ ನಿದ್ರೆ ಈಗಿಲ್ಲ. ಮಕ್ಕಳು ಪ್ರೀತಿಯಿಂದಲೇ ಎತ್ತಿಕೊಳ್ಳುತ್ತಾರೆ, ಆದರೆ ಮಲಗಿದ್ದನ್ನು ಎಬ್ಬಿಸಿ ಎತ್ತಿಕೊಳ್ಳುತ್ತಾರೆ. ಮನುಷ್ಯರಿಗೆ ಲಾಕ್‌ಡೌನ್ ಎಂದರೆ ಹೊರಗೆ ಹೋಗಲಾಗದಿರುವುದು, ಮನೆಯೊಳಗೇ ಬೆಳೆದ ಬೆಕ್ಕಿಗೆ ಎಲ್ಲರೂ ಯಾವಾಗಲೂ ಒಳಗೇ ಇರುವುದು. ಅದರ ಮೇಲೆ ಟ್ರೇ ಕೂಡ ಹೋಗಿ ನಡುಗುವ, ಗುಡುಗುವ ಯಂತ್ರದ ಪಕ್ಕ ಕೂತಿದೆ. ಟ್ರೇಯನ್ನು ಹಳೆಯ ಜಾಗಕ್ಕೇ ತಂದಿಡಿ, ಯಜಮಾನರ ಮೇಜಿನ ಕೆಳಗಾದರೂ ಸರಿ. ಅದು ಆಗದಿದ್ದರೆ ಸದ್ದಿಲ್ಲದ ಇನ್ನೊಂದು ಮೂಲೆಯಲ್ಲಿ ಎರಡನೇ ಟ್ರೇ ಇಡಿ. ಅಂಗಡಿಯ ಮರಳು ಸಿಗದಿದ್ದರೆ ಹಳೆಯ ಪತ್ರಿಕೆಯನ್ನು ಸಣ್ಣಗೆ ಹರಿದು ಹಾಕಬಹುದು. ಸಜ್ಜಾದಿಂದ ಅದನ್ನು ಇಳಿಸಬೇಡಿ, ಅಲ್ಲೊಂದು ಹಳೆಯ ಸೀರೆ ಮಡಚಿ ಹಾಕಿ, ಅಲ್ಲಿರುವಷ್ಟು ಹೊತ್ತು ಯಾರೂ ಮುಟ್ಟುವಂತಿಲ್ಲ ಎಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿ. ಮುಸ್ಸಂಜೆ ಬೆಕ್ಕು ತಾನಾಗಿ ಚುರುಕಾಗುವ ಹೊತ್ತು. ದಾರಕ್ಕೆ ಕಾಗದದ ಚೂರು ಕಟ್ಟಿ ಆಗ ಆಡಿಸಲಿ, ಆಟ ಮುಗಿದೊಡನೆ ಊಟ ಹಾಕಲಿ. ಆಡಿದ ಮೇಲೆ ದಾರವನ್ನು ಎತ್ತಿಡಬೇಕು, ನುಂಗಿದರೆ ಕರುಳಿಗೆ ಅಪಾಯ.

ಮೊಸರನ್ನ ಒಂದೆರಡು ಹೊತ್ತಿಗೆ ಸರಿ, ವಾರಗಟ್ಟಲೆ ಸಲ್ಲದು. ಬೆಕ್ಕಿಗೆ ಬೇಕಾದ ಟೌರಿನ್ ಎಂಬ ಅಂಶ ಮಾಂಸ ಮತ್ತು ಮೀನಿನಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. ಅದು ಬಹುಕಾಲ ಕಡಿಮೆಯಾದರೆ ಕಣ್ಣು, ಹೃದಯ ಕೆಡುತ್ತವೆ. 2021ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಮಾಂಸದ ಅಂಗಡಿಗಳೂ ಪಶು ಆಹಾರದ ಅಂಗಡಿಗಳೂ ಬೆಳಿಗ್ಗೆ 6ರಿಂದ 10ರವರೆಗೆ ತೆರೆದಿರುತ್ತಿದ್ದವು. ಪೊಟ್ಟಣ ಸಿಗುವವರೆಗೆ ಮೂಳೆ ತೆಗೆದ ಕೋಳಿ ಮಾಂಸವನ್ನು, ಅದರ ಹೃದಯವನ್ನೂ ಸೇರಿಸಿ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ, ಬೇಯಿಸಿದ ನೀರಿನ ಸಮೇತ ಕೊಡಿ. ಟೌರಿನ್ ಆ ನೀರಿಗೆ ಇಳಿದಿರುತ್ತದೆ. ನೀವು ಸಸ್ಯಾಹಾರಿಗಳಾಗಿದ್ದು ಅಡುಗೆಮನೆಯಲ್ಲಿ ಇದು ಆಗದೆಂದರೆ ನೆರೆಯವರ ಸಹಾಯ ಕೇಳಲು ಸಂಕೋಚ ಬೇಡ.

ಕೊರೊನಾ ವಿಷಯದಲ್ಲಿ ಭಯ ತಿರುಗುಮುರುಗಾಗಿದೆ. ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಿಗೆ 2021ರ ಮೇ ತಿಂಗಳಲ್ಲಿ ಸೋಂಕು ದೃಢಪಟ್ಟಿತು. ಬೆಕ್ಕಿನ ಜಾತಿಗೆ ಸೋಂಕು ತಗಲುವುದು ನಿಜ, ಆದರೆ ಸಾಮಾನ್ಯವಾಗಿ ಅದು ಮನುಷ್ಯರಿಂದ ಅವಕ್ಕೆ ಬರುತ್ತದೆ. ರೋಗ ಊರೆಲ್ಲ ಹರಡಿದ್ದು ಮನುಷ್ಯರಿಂದ ಮನುಷ್ಯರಿಗೆ. ಮನೆಯಲ್ಲಿ ಯಾರಿಗಾದರೂ ಪಾಸಿಟಿವ್ ಬಂದರೆ ಅವರು ಬೆಕ್ಕಿನಿಂದ ದೂರವಿರಲಿ, ಬೇರೊಬ್ಬರು ಊಟ ಹಾಕಲಿ. ಮನೆಯಲ್ಲೇ ಬೆಳೆದ ಬೆಕ್ಕನ್ನು ಬೀದಿಗೆ ಬಿಟ್ಟರೆ ಅದು ಬದುಕುವುದು ಕಷ್ಟ, ಹೀಗೆ ತೊರೆಯುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಮನೆಯಲ್ಲಿ ಅದಕ್ಕೆ ನಿಜವಾದ ಅಪಾಯ ಬೇರೆಡೆ ಇದೆ. ಕೊರೊನಾ ಭಯಕ್ಕೆ ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರೆ ನಿಲ್ಲಿಸಿ. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ಒರೆಸಿದ ನೆಲದ ಮೇಲೆ ನಡೆದ ಪಾದವನ್ನು ಅದು ನೆಕ್ಕಿಕೊಳ್ಳುತ್ತದೆ. ಸೋಪಿನ ನೀರು ಸಾಕು. ಬೆಕ್ಕಿನ ಮೈಗೆ ಸ್ಯಾನಿಟೈಸರ್ ಒರೆಸಬಾರದು. ಹಬೆ ತೆಗೆದುಕೊಳ್ಳುವಾಗ ನೀಲಗಿರಿ ಎಣ್ಣೆ ಹಾಕುವುದಾದರೆ ಬೆಕ್ಕು ಇನ್ನೊಂದು ಕೋಣೆಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಮೈ ಬಿಸಿಯಿದೆಯೆಂದು ಡೋಲೊ ಮಾತ್ರೆಯ ಚೂರನ್ನೂ ಕೊಡಬೇಡಿ. ಅದರಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು. ತಿಂದಿರುವ ಅನುಮಾನವಿದ್ದರೆ ವಸಡು ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗುವವರೆಗೂ, ಮುಖ ಊದಿಕೊಳ್ಳುವವರೆಗೂ ನೋಡುತ್ತ ಕೂರದೆ, ಮಾತ್ರೆಯ ಪಟ್ಟಿಯನ್ನು ಜೊತೆಗೆ ತೆಗೆದುಕೊಂಡು ವೈದ್ಯರ ಬಳಿಗೆ ಹೋಗಿ.